ಇಪ್ಪತ್ತೆಂಟನೇ ನಂಬರಿನ ‘ಸಿ’

ನನಗೊಂದು ಕೆಟ್ಟ ಚಟವಿದೆ, ನಿಮ್ಮೆದುರು ಒಪ್ಪಿಕೊಂಡುಬಿಡುತ್ತೇನೆ. ಯಾರ ಮನೆಗೆ ಹೋದರೂ ಚಹಾದ ಮೊದಲ ಗುಟುಕು ಗಂಟಲಿಗಿಳಿಯುವ ಮೊದಲೇ ಮನಸ್ಸಿನಲ್ಲಿ ಅದಕ್ಕೊಂದು ಗ್ರೇಡ್ ಹಾಕಿಯಾಗಿರುತ್ತದೆ. ಚಹಾ ಒಂದೇ ಅಲ್ಲ. ಬೈಲಹೊಂಗಲದ ಬಸ್ಸಿನ ಡ್ರೈವರ್ ಬ್ರೇಕ್ ಹಾಕುವ ರೀತಿ, ಮದುವೆ ಮನೆಯ ಬದನೆಕಾಯಿ ಎಣ್ಣೆಗಾಯಿ, ಮಠದ ಪ್ರವಚನ, ಪಕ್ಕದ ಮನೆಯವರ ರಂಗೋಲಿ, ಹೀಗೆ ಎಲ್ಲಕ್ಕೂ ನನ್ನ ತಲೆಯೊಳಗೆ ಒಂದು ರಜಿಸ್ಟರು ತೆರೆದೇ ಇರುತ್ತದೆ. ನಮ್ಮ ಯಜಮಾನರು ಬೆಳಿಗ್ಗೆ ಮಾಡಿಕೊಡುವ ಚಹಾಕ್ಕೆ ಇಪ್ಪತ್ತು ವರ್ಷ ‘ಬಿ ಪ್ಲಸ್’ ಕೊಟ್ಟಿದ್ದೆ. ಪಾಪ, ಅವರು ಅದರಿಂದ ಕೆಳಗೂ ಇಳಿದಿರಲಿಲ್ಲ, ಮೇಲೂ ಹತ್ತಿರಲಿಲ್ಲ. ತಮಗೊಂದು ಗ್ರೇಡ್ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಇದು ಕಸುಬಿನಿಂದ ಅಂಟಿದ ರೋಗ. ನಾನು ಮುನವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಊರಿನ ಹೆಸರು ಹೇಳುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಮಕ್ಕಳು, ಅವರ ತಂದೆತಾಯಿ, ಹಾಲು ಹಾಕುವವರು, ಎಲ್ಲರಿಗೂ ನಾನು ‘ಅಕ್ಕೋರು’. ಇಪ್ಪತ್ತಾರು ವರ್ಷ ಕೆಂಪು ಪೆನ್ನು ಹಿಡಿದ ಕೈ ಇದು. ಪೆನ್ನು ಕೆಳಗಿಟ್ಟರೂ ಬೆರಳು ಗಾಳಿಯಲ್ಲಿ ಟಿಕ್ ಹಾಕುತ್ತಲೇ ಇರುತ್ತದೆ.

ಇಷ್ಟೆಲ್ಲ ತೂಗುವವಳ ಸ್ವಂತ ತೂಕವೆಷ್ಟು ಎಂದು ನೀವು ಕೇಳಬಹುದು. ಕೇಳಬೇಡಿ ಎನ್ನಬೇಕೆಂದಿದ್ದೆ, ಆದರೆ ಇರಲಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ನನಗೆ ಬಂದದ್ದು ಮೂವತ್ತೈದು. ಮೂವತ್ತಾರೂ ಅಲ್ಲ, ಮೂವತ್ತನಾಲ್ಕೂ ಅಲ್ಲ, ಕೂದಲೆಳೆಯಷ್ಟೂ ಆಚೀಚೆ ಆಗದ ಮೂವತ್ತೈದು. ಅಷ್ಟು ಕರಾರುವಾಕ್ಕಾದ ಅಂಕ ಬಡಪಾಯಿ ವಿದ್ಯಾರ್ಥಿಯ ಬುದ್ಧಿಯಿಂದ ಬರುವುದಿಲ್ಲ, ಎಲ್ಲೋ ಕುಳಿತು ಉತ್ತರಪತ್ರಿಕೆ ನೋಡಿದ ಯಾರದೋ ದಯೆಯಿಂದ ಬರುತ್ತದೆ. ನಮ್ಮ ಕಡೆ ಅಂಕಗಳನ್ನು ಯಾರೂ ಗಳಿಸುವುದಿಲ್ಲ, ಅವು ಮಳೆಯ ಹಾಗೆ ಬೀಳುತ್ತವೆ. ಸಿರಸಂಗಿಯ ಗುಡಿಯ ಅಂಗಳದಲ್ಲಿ, ನಲವತ್ತು ಜನರೆದುರು, ನಮ್ಮ ಸೋದರತ್ತೆ ಕೇಳಿದ್ದಳು: “ಲೆಕ್ಕದಾಗ ಎಷ್ಟ ಬಿದ್ದಾವ ಬೇ ನಿನಗ?” ನಾನು ದೇವಿಯ ಕಡೆ ನೋಡಿದೆ. ಪಕ್ಕದಲ್ಲಿದ್ದ ಅಪ್ಪ, “ಪಾಸ್ ಆಗ್ಯಾಳ, ಪಾಸ್ ಆಗ್ಯಾಳ” ಎಂದು ಎರಡೆರಡು ಸಲ ಹೇಳಿದ. ಎರಡು ಸಲ ಹೇಳಿದ್ದರಿಂದಲೇ ಎಲ್ಲರಿಗೂ ಗೊತ್ತಾಗಿಹೋಯಿತು. ಅದೇ ಹುಡುಗಿ ಈಗ ಆರನೇ ತರಗತಿಗೆ ಗಣಿತ ಕಲಿಸುತ್ತಾಳೆ. ಸರಕಾರಕ್ಕೆ ನನ್ನ ಮೇಲೆ ಎಷ್ಟು ಭರವಸೆ ನೋಡಿ.

ಅಂಕಗಳಿಂದ ಮಕ್ಕಳ ಮನಸ್ಸಿಗೆ ನೋವಾಗುತ್ತದೆಂದು ಗ್ರೇಡ್ ಬಂದವು. ಒಳ್ಳೆಯ ವಿಚಾರವೇ. ಆದರೆ ಮೊದಲು ಅಂಕ ಕೂಡಿಸಬೇಕು, ಆಮೇಲೆ ಶೇಕಡಾ ತೆಗೆಯಬೇಕು, ಆಮೇಲೆ ಅದನ್ನು ಒಂದು ಅಕ್ಷರದ ಹಿಂದೆ ಬಚ್ಚಿಡಬೇಕು. ಬಚ್ಚಿಟ್ಟದ್ದನ್ನು ಹುಡುಕಿ ತೆಗೆಯುವುದು ತಂದೆತಾಯಿಗಳ ಕೆಲಸ. “ಎ ಪ್ಲಸ್ ಅಂದ್ರ ಎಷ್ಟ ಬಿದ್ದಂಗಾತ್ರಿ ಅಕ್ಕೋರ?” ಎಂದು ಅವರು ಕೇಳುತ್ತಾರೆ. ನಾನು ಗುಟ್ಟು ಹೇಳುವವಳಂತೆ ಆಚೀಚೆ ನೋಡಿ ಅಂಕ ಹೇಳುತ್ತೇನೆ. ಅವರಿಗೂ ಸಮಾಧಾನ, ನನಗೂ ಸಮಾಧಾನ. ಇನ್ನು ಹತ್ತನೆಯದಕ್ಕೆ ಬಂದರೆ ಯಾವ ಬಚ್ಚಿಡಾಟವೂ ಇಲ್ಲ. ಫಲಿತಾಂಶದ ಮರುದಿನ ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಏಳುತ್ತದೆ. ನಮ್ಮ ಸಂಬಂಧಿಕರ ಹುಡುಗನೊಬ್ಬನಿಗೆ ಅರವತ್ತೆರಡು ಬಂದಾಗ ಹಾಕಿದ ಫ್ಲೆಕ್ಸಿನಲ್ಲಿ ಶುಭ ಕೋರುವವರ ಹದಿನಾಲ್ಕು ಮುಖಗಳಿದ್ದವು. ಹುಡುಗನನ್ನು ಹುಡುಕಲು ನನಗೆ ಕನ್ನಡಕ ಬೇಕಾಯಿತು.

ಆದರೆ ನನ್ನ ಕಥೆ ಇರುವುದು ಪ್ರಗತಿಪತ್ರದ ಮುಂದಿನ ಪುಟದಲ್ಲಲ್ಲ, ಹಿಂದಿನ ಪುಟದಲ್ಲಿ. ಅಲ್ಲಿ ಕನ್ನಡ, ಗಣಿತ, ವಿಜ್ಞಾನ ಇರುವುದಿಲ್ಲ. ಮಗುವಿನ ಗುಣ ಇರುತ್ತದೆ. ಸಹಕಾರ ಮನೋಭಾವ, ಶಿಸ್ತು, ಪರಿಸರ ಕಾಳಜಿ, ಹಿರಿಯರಿಗೆ ಗೌರವ ಎಂದು ಸಾಲು ಸಾಲು ಮನೆಗಳು. ಪ್ರತಿ ಮನೆಯಲ್ಲೂ ಒಂದು ಅಕ್ಷರ ಕೂರಿಸಬೇಕು. ಗಣಿತಕ್ಕಾದರೂ ಉತ್ತರಪತ್ರಿಕೆ ಎಂಬುದಿದೆ. ಹನ್ನೊಂದು ವರ್ಷದ ಮಗುವಿನ ಸಹಕಾರ ಮನೋಭಾವವನ್ನು ಎಲ್ಲಿಂದ ತೆಗೆದು ನೋಡುವುದು? ನಾನು ವರ್ಷಗಟ್ಟಲೆ ಒಂದು ಸುಲಭ ದಾರಿ ಹಿಡಿದಿದ್ದೆ. ಎಲ್ಲರಿಗೂ ಎಲ್ಲದಕ್ಕೂ ‘ಎ’. ಎ, ಎ, ಎ, ಎ ಎಂದು ದನ ಹೊಡೆದುಕೊಂಡು ಹೋದ ಹಾಗೆ ಮೇಲಿಂದ ಕೆಳಗಿನವರೆಗೆ ಬರೆದುಬಿಡುತ್ತಿದ್ದೆ.

ಹೋದ ವರ್ಷ, ದಸರಾ ರಜೆಗೆ ಮುಂಚೆ, ಸಭೆಯೊಂದರಲ್ಲಿ ಮೇಲಿನವರೊಬ್ಬರು ನನ್ನ ರಜಿಸ್ಟರನ್ನು ಎತ್ತಿ ಎಲ್ಲರಿಗೂ ತೋರಿಸಿದರು. “ಇಷ್ಟ ಒಳ್ಳೇ ಹುಡುಗ್ರ ಇದ್ದ ಮ್ಯಾಲ ಆ ಸಾಲೀಗೆ ನೀವು ಯಾಕ ಬೇಕ್ರಿ ಅಕ್ಕೋರ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕಿವಿ ಮಾತ್ರ ಕೆಂಪಾಗಿತ್ತು. “ಎಲ್ಲಾ ಥರಾ ಇರಬೇಕ್ರಿ. ಎ, ಬಿ, ಸಿ, ಎಲ್ಲಾ ಕಾಣಬೇಕು. ನಾಳೆ ಸಂಜೀಕ ಕಾರ್ಡ್ ಹೋಗಬೇಕ” ಎಂದು ರಜಿಸ್ಟರು ತಿರುಗಿ ಕೊಟ್ಟರು.

ಮರುದಿನ ಮಧ್ಯಾಹ್ನ ಆರನೇ ತರಗತಿಯ ಮೂವತ್ತೆಂಟು ಹೆಸರುಗಳ ಮುಂದೆ ಕುಳಿತೆ. ಮೊದಲು ಪ್ರಾಮಾಣಿಕವಾಗಿಯೇ ಪ್ರಯತ್ನಿಸಿದೆ, ಇದನ್ನು ನೀವು ನಂಬಬೇಕು. ಯಾರಿಗೆ ಶಿಸ್ತಿಲ್ಲ ಎಂದು ಯೋಚಿಸಿದರೆ ಒಂದು ಮುಖ ಬರುತ್ತಿತ್ತು, ಅದರ ಹಿಂದೆಯೇ ಕ್ಷಮಿಸಲು ಒಂದು ಕಾರಣವೂ ಬರುತ್ತಿತ್ತು. ಒಬ್ಬ ಎಲ್ಲರನ್ನೂ ಹೊಡೆಯುತ್ತಾನೆ, ಆದರೆ ಮನೆಯಿಂದ ತಂದ ಶೇಂಗಾ ಹಂಚಿ ತಿನ್ನುತ್ತಾನೆ. ಒಬ್ಬಳು ಸುಳ್ಳು ಹೇಳುತ್ತಾಳೆ, ಆದರೆ ಗೆಳತಿಯನ್ನು ಉಳಿಸಲಿಕ್ಕೆ ಹೇಳುತ್ತಾಳೆ. ಒಂದು ತಾಸಾದರೂ ಒಂದು ‘ಸಿ’ ಹುಟ್ಟಲಿಲ್ಲ. ಕೊನೆಗೆ ಬೇಸತ್ತು ಗಣಿತದ ಮೊರೆ ಹೋದೆ. ಏಳರ ಮಗ್ಗಿ. ಹಾಜರಿಯ ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ಮೂವತ್ತೈದನೇ ನಂಬರುಗಳಿಗೆ ಯಾವುದಾದರೊಂದು ಮನೆಯಲ್ಲಿ ‘ಸಿ’. ನಡುನಡುವೆ ಒಂದಿಷ್ಟು ‘ಬಿ’. ಹತ್ತು ನಿಮಿಷದಲ್ಲಿ ಮುಗಿಯಿತು. ಮುಗಿದ ಮೇಲೆ ದೂರ ಹಿಡಿದು ನೋಡಿದೆ. ಎಷ್ಟು ಸಹಜವಾಗಿ ಕಾಣುತ್ತಿತ್ತೆಂದರೆ, ಅದನ್ನು ನಿಜವಾದ ಮಕ್ಕಳನ್ನು ನೋಡಿ ಹಾಕಿದ್ದೆಂದು ಯಾರಾದರೂ ಆಣೆ ಮಾಡಬಹುದಿತ್ತು. ಮೇಲಿನವರು “ಈಗ ಬರೋಬ್ಬರಿ ಆತ ನೋಡ್ರಿ” ಎಂದು ಸಹಿ ಹಾಕಿದರು. ಗಣಿತದಲ್ಲಿ ನನಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಏಳನೇ ನಂಬರಿನ ಈರಪ್ಪನಿಗೆ ಪರಿಸರ ಕಾಳಜಿಯಲ್ಲಿ ‘ಸಿ’ ಬಂತು. ಇಪ್ಪತ್ತೆಂಟನೇ ನಂಬರಿನ ರೇಷ್ಮಾಗೆ ಸಹಕಾರ ಮನೋಭಾವದಲ್ಲಿ ‘ಸಿ’ ಬಂತು. ಕಾರ್ಡುಗಳು ಮನೆಗೆ ಹೋದವು, ಸಹಿ ಹಾಕಿಸಿಕೊಂಡು ಬಂದವು, ಸಹಿ ನೋಡಿ ತಿರುಗಿ ಮಕ್ಕಳ ಕೈಗೇ ಕೊಟ್ಟೆ. ಯಾರೂ ಏನೂ ಕೇಳಲಿಲ್ಲ. ನಮ್ಮ ಜನ ಲಗ್ನಪತ್ರಿಕೆಯ ಹಿಂದಿನ ಪುಟವನ್ನೇ ಓದುವುದಿಲ್ಲ, ಇನ್ನು ಇದನ್ನು ಯಾರು ಓದುತ್ತಾರೆಂದು ನಾನು ನಿಶ್ಚಿಂತಳಾದೆ.

ಮಕ್ಕಳು ಓದುತ್ತಾರೆ ಎಂಬುದು ನನ್ನ ಲೆಕ್ಕದಲ್ಲಿ ಬಿಟ್ಟುಹೋಗಿತ್ತು.

ರೇಷ್ಮಾ ಮಾತಿನ ಮಲ್ಲಿ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ, ಉತ್ತರ ಮುಗಿಯುವ ಮೊದಲೇ ಇನ್ನೊಂದು ಪ್ರಶ್ನೆ. ಖೋಖೋ ಆಟದಲ್ಲಂತೂ ಅವಳನ್ನು ಮುಟ್ಟಿದವರಿಲ್ಲ. ದಸರಾ ರಜೆ ಮುಗಿಸಿ ಬಂದ ಮೇಲೆ ಹುಡುಗಿ ಬದಲಾದಳು. ಶಾಲೆಯ ಕೈತೋಟಕ್ಕೆ ನೀರು ಹಾಕಲು ನಮ್ಮಲ್ಲಿ ಪಾಳಿ ಇದೆ, ದಿನಕ್ಕೆ ಇಬ್ಬರಂತೆ. ಈಗ ನೋಡಿದರೆ ದಿನಾ ರೇಷ್ಮಾಳ ಕೈಯಲ್ಲೇ ಬಕೆಟ್. ಬೋರ್ಡ್ ಒರೆಸುವವಳೂ ಅವಳೇ. ಬಿಸಿಯೂಟದ ಸಾಲಿನಲ್ಲಿ ಕೊನೆಗೆ ನಿಲ್ಲುವವಳೂ ಅವಳೇ. ಆಟದ ಪಿರಿಯಡ್ಡಿನಲ್ಲಿ ಉಳಿದವರು ಖೋಖೋ ಆಡುತ್ತಿದ್ದರೆ ಇವಳು ನುಗ್ಗೆ ಗಿಡದ ಬುಡದಲ್ಲಿರುತ್ತಿದ್ದಳು. ಬೇರೆ ಹುಡುಗರು “ರೇಷ್ಮಾ ಅದಾಳಲ್ಲ” ಎಂದು ತಮ್ಮ ಪಾಳಿಯನ್ನೇ ಮರೆತರು. ನಾನು ಬುದ್ಧಿವಂತೆ ಏನು ಮಾಡಿದೆ ಗೊತ್ತೇ? ತರಗತಿಯ ಮುಂದೆ ಅವಳನ್ನು ನಿಲ್ಲಿಸಿ, “ಹಿಂಗ ಇರಬೇಕ ನೋಡ್ರಿ” ಎಂದು ಹೊಗಳಿದೆ. ಅವಳು ತಲೆ ತಗ್ಗಿಸಿ ನಿಂತಿದ್ದಳು. ವಿನಯ ಎಂದುಕೊಂಡೆ. ನನ್ನ ತಲೆಯೊಳಗಿನ ರಜಿಸ್ಟರಿನಲ್ಲಿ ಅದಕ್ಕೂ ‘ಎ ಪ್ಲಸ್’ ಬಿತ್ತು.

ಹೀಗೇ ಮೂರು ತಿಂಗಳು ಕಳೆದವು. ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಹೊತ್ತಿಗೆ, ಅವಳ ತಂದೆ ಮಕ್ತುಮಸಾಬ ಬಂದರು. ಸವದತ್ತಿಯ ಪೇಟೆಯಲ್ಲಿ ದಲಾಲಿ ಅಂಗಡಿಯೊಂದಕ್ಕೆ ಹತ್ತಿ ನೋಡಿ ದರ್ಜೆ ಹೇಳುವುದು ಅವರ ಕೆಲಸ. ಅಂಗಿಯ ತೋಳಿಗೆ ಯಾವಾಗಲೂ ಒಂದೆರಡು ಎಳೆ ಹತ್ತಿ ಅಂಟಿರುತ್ತದೆ. ಕೈಯಲ್ಲಿ ಮಗಳ ಪ್ರಗತಿಪತ್ರವಿತ್ತು, ಹಿಂದಿನ ಪುಟ ಮೇಲೆ ಮಾಡಿ ಹಿಡಿದಿದ್ದರು. ನಾನು ಕೂರಲು ಹೇಳಿದರೂ ಕೂರಲಿಲ್ಲ.

“ತಕರಾರ ಮಾಡಾಕ ಬಂದಿಲ್ರಿ ಅಕ್ಕೋರ, ಕೇಳಾಕ ಬಂದೇನಿ. ನಾ ದಿನಾ ಹತ್ತಿ ನೋಡಾಂವ. ಚೀಲದಾಗ ಕೈ ಹಾಕಿ ನಡುವಿಂದ ಒಂದ ಹಿಡಿ ತಗೀತೇನಿ, ಎಳಿ ಜಗ್ಗಿ ನೋಡತೇನಿ. ಮಾಲ ಕಡಿಮಿ ಇತ್ತಂದ್ರ ರೈತನ ಮುಂದನ ಹೇಳತೇನಿ, ಎಳಿ ಗಿಡ್ಡ ಐತಿ, ಇಲ್ಲಾ ತ್ಯಾವ ಐತಿ, ಇಲ್ಲಾ ಕಸಾ ಕೂಡೇತಿ ಅಂತ. ಕಾರಣಾ ಹೇಳದ ಕಡಿಮಿ ಅಂದ್ರ ಅಂವ ನನ್ನ ಕಾಲರ್ ಹಿಡೀತಾನ. ಹಿಡೀಬೇಕ್ರಿ, ಅದು ಅವನ ಹಕ್ಕ. ನೀವು ನನ್ನ ಮಗಳಿಗೆ ಸಿ ಹಾಕೀರಿ. ಹಾಕ್ರಿ, ಬ್ಯಾಡ ಅನ್ನೂದಿಲ್ಲ. ಎಳಿ ಗಿಡ್ಡ ಆತೋ, ತ್ಯಾವ ಇತ್ತೋ, ಅಷ್ಟ ಹೇಳ್ರಿ.”

ಹೊತ್ತು ಕಳೆಯಲು, “ರೇಷ್ಮಾ ಏನರ ಅಂದ್ಲೇನ್ರಿ?” ಎಂದೆ.

“ಅಕಿಗೆ ಕಾರಣಾ ಗೊತ್ತೈತಂತ್ರಿ. ಕಾರ್ಡ್ ಬಂದ ದಿನಾನ ಅವರ ಅಮ್ಮಿ ಮುಂದ ಅತ್ತಾಳ, ನನಗ ಮೊನ್ನೆ ತಿಳೀತು. ಲಕ್ಷ್ಮಿ ಅನ್ನೂ ಹುಡುಗಿ ಕೈವಾರ ಕೇಳಿದ್ಲಂತ, ಈಕಿ ಚೀಲದಾಗ ಇಟಗೊಂಡು ಇಲ್ಲ ಅಂದ್ಲಂತ. ಅದನ್ನ ಅಕ್ಕೋರು ನೋಡ್ಯಾರ ಅಂತಾಳ. ಅವತ್ತಿಂದ ಮನ್ಯಾಗೂ ಹಂಗ. ತಮ್ಮ ಏನ ಕೇಳಿದ್ರೂ ಕೊಟ್ಟ ಬಿಡತಾಳ. ಜಗಳಾನ ಆಡವಲ್ಲಳು. ಹುಡುಗಿ ಜಗಳಾ ಆಡಲಿಲ್ಲಂದ್ರ ಮನ್ಯಾಗ ಅಂಜಿಕಿ ಬರತೈತ್ರಿ.”

ನೋಡಿ, ನಾನು ಏನನ್ನೂ ನೋಡಿರಲಿಲ್ಲ. ಆದರೆ ಒಂದು ಮಗು ನನ್ನ ಏಳರ ಮಗ್ಗಿಗೆ ದೇವರ ಕಣ್ಣು ಕೊಟ್ಟು, ತನ್ನ ಚೀಲದೊಳಗಿನ ಕೈವಾರವನ್ನು ತಾನೇ ಅದರ ಮುಂದೆ ತೆಗೆದಿಟ್ಟಿತ್ತು. ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. “ಈಗ ಭಾಳ ಸುಧಾರಿಸ್ಯಾಳ್ರಿ, ಮುಂದಿನ ಸಲ ಎ ಬರತೈತಿ” ಎಂದುಬಿಟ್ಟೆ. ಇಪ್ಪತ್ತಾರು ವರ್ಷದ ಅನುಭವ ಅಂದರೆ ಇದೇ.

ಮಕ್ತುಮಸಾಬ ನನ್ನ ಮುಖ ನೋಡಿದರು. ಹತ್ತಿ ನೋಡುವ ಕಣ್ಣಿಗೆ ನನ್ನ ಮಾತಿನೊಳಗಿನ ತೇವ ಕಂಡಿರಬೇಕು. “ಎ ಬ್ಯಾಡ್ರಿ. ಕಾರಣಾ ಬೇಕಾಗಿತ್ತು” ಎಂದು ಕಾರ್ಡನ್ನು ಮೇಜಿನ ಮೇಲಿಟ್ಟು, ನಮಸ್ಕಾರ ಮಾಡಿ ಹೋದರು.

ಆ ಭಾನುವಾರ ನಮ್ಮ ಅಜ್ಜನ ಕಾಲದ ಗಾಂವಠಿ ಶಾಲೆಯ, ಅಂದರೆ ಊರವರೇ ನಡೆಸುತ್ತಿದ್ದ ಶಾಲೆಯ, ನೆನಪಾಯಿತು. ಅಲ್ಲಿ ಅಂಕವೂ ಇರಲಿಲ್ಲ, ಗ್ರೇಡೂ ಇರಲಿಲ್ಲ. ಊರಿಗೆ ಯಾರದಾದರೂ ಕಾಗದ ಬಂದರೆ ಗುಡಿಯ ಕಟ್ಟೆಯ ಮೇಲೆ ಹುಡುಗನಿಂದ ಓದಿಸುತ್ತಿದ್ದರಂತೆ. ಕಾಗದ ಯಾರಿಗೆ ಬಂದಿತ್ತೋ ಅವರಿಗೆ ಅರ್ಥವಾದರೆ ಹುಡುಗ ಪಾಸು. ನಮ್ಮಜ್ಜ ಒಬ್ಬ ಮುದುಕಿಗೆ ಅವಳ ಮಗಳ ಕ್ಷೇಮಸಮಾಚಾರ ಓದಿ ಹೇಳಿ ಪಾಸಾದವನು. ಮುದುಕಿ ಕೊಟ್ಟ ಬೆಲ್ಲದ ಚೂರೇ ಅವನ ಸರ್ಟಿಫಿಕೇಟು. ಹಾಗೆ ನೋಡಿದರೆ ನಮ್ಮ ಸೀಮೆಯಲ್ಲಿ ದರ್ಜೆ ಹಾಕದೆ ಬಿಟ್ಟ ವಸ್ತುವಿಲ್ಲ. ಅವ್ವ ಜೋಳದ ಕಾಳು ಕಚ್ಚಿ ನೋಡುತ್ತಿದ್ದಳು. ರಾಮದುರ್ಗದ ಸೀರೆ ಕೊಳ್ಳುವಾಗ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡುತ್ತಾರೆ. ಎತ್ತಿನ ಬಾಯಿ ತೆರೆದು ಹಲ್ಲು ಎಣಿಸುತ್ತಾರೆ. ಕೊಳ್ಳುವವನಿಗೆ ಗೊತ್ತಾಗಬೇಕಲ್ಲ, ಅದಕ್ಕೆ. ಆದರೆ ರೇಷ್ಮಾಳನ್ನು ಕೊಳ್ಳುವವರು ಯಾರು? ಇನ್ನೊಂದು ವಿಷಯವೂ ಹೊಳೆಯಿತು. ಎಳೆ ಗಿಡ್ಡ ಎನಿಸಿಕೊಂಡ ಹತ್ತಿ ಮನೆಗೆ ಹೋಗಿ ತನ್ನನ್ನು ತಾನೇ ಜಗ್ಗಿಕೊಂಡು ಉದ್ದವಾಗಲು ನೋಡುವುದಿಲ್ಲ. ಮಗು ಜಗ್ಗಿಕೊಳ್ಳುತ್ತದೆ. ಮೂರು ತಿಂಗಳು ಜಗ್ಗಿಕೊಂಡಿತ್ತು, ನಾನು ನೋಡಿ ಹೊಗಳಿದ್ದೆ.

ಸಂಜೆ ಯಜಮಾನರು ಚಹಾ ತಂದುಕೊಟ್ಟರು. ಮನಸ್ಸು ಮೆತ್ತಗಾಗಿತ್ತೋ ಏನೋ, “ನಿಮ್ಮ ಚಾಕ್ಕ ಇಪ್ಪತ್ತ ವರ್ಷದಿಂದ ಬಿ ಪ್ಲಸ್ ಹಾಕೇನ್ರಿ” ಎಂದು ಬಾಯಿಬಿಟ್ಟೆ. ಅವರು ಗಾಬರಿಯಾದರು. “ಯಾಕ?” ಎಂದರು. “ಶುಂಠಿ ಜಾಸ್ತಿ.” “ಇಪ್ಪತ್ತ ವರ್ಷ ಸುಮ್ನ ಕುಡದಿ? ಮದಲ ಹೇಳಬಾರ್ದಿತ್ತನ?” ಎಂದರು. ಮರುದಿನ ಬೆಳಗಿನ ಚಹಾ ‘ಎ’ ಇತ್ತು. ಇಷ್ಟು ಸುಲಭವಿತ್ತೆಂದು ನನಗೆ ಗೊತ್ತಿರಲಿಲ್ಲ.

ಆ ಸೋಮವಾರ ಆಟದ ಪಿರಿಯಡ್ಡಿನಲ್ಲಿ ನಲ್ಲಿಯ ಹತ್ತಿರ ಹೋದೆ. ರೇಷ್ಮಾ ಬಕೆಟ್ ತುಂಬಿಸುತ್ತಿದ್ದಳು. ಹಿಡಿಕೆ ಒತ್ತಿ ಅಂಗೈ ಕೆಂಪಾಗಿತ್ತು. ಮಾತು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ನಡುವಿನಿಂದಲೇ ಶುರು ಮಾಡಿದೆ.

“ರೇಷ್ಮಾ, ನಿನಗ ಹಾಕಿದ ಸಿ ನಾ ನೋಡಿ ಹಾಕಿದ್ದಲ್ಲವಾ. ಏಳರ ಮಗ್ಗಿ ಹಚ್ಚಿ ಹಾಕಿದ್ದು. ನಿನ್ನ ನಂಬರ ಇಪ್ಪತ್ತೆಂಟು, ಅದಕ್ಕ ಬಂತು. ತಪ್ಪ ನಂದು.”

ಅವಳು ನಲ್ಲಿ ಬಂದ್ ಮಾಡಿದಳು. ತುಟಿ ಅಲುಗಿತು, ಮಗ್ಗಿ ಹೇಳಿಕೊಳ್ಳುತ್ತಿದ್ದಾಳೆಂದು ಗೊತ್ತಾಯಿತು. “ಹಂಗಾರ ಈರಪ್ಪಂದೂ ಹಂಗನರಿ?”

“ಹೂಂ.”

“ಕೈವಾರದ್ದು ನಿಮಗ ಗೊತ್ತಿರಲಿಲ್ಲರಿ?”

“ಇಲ್ಲ.”

ಅವಳ ಕಣ್ಣು ತುಂಬಿತು. ಅಳುವೆಂದುಕೊಂಡೆ, ಸಿಟ್ಟು ಅದು. “ಮೂರ ತಿಂಗಳ ಎಲ್ಲಾರ ಪಾಳಿ ನಾನ ಮಾಡೇನ್ರಿ ಅಕ್ಕೋರ. ಲಕ್ಷ್ಮಿಗೆ ಕೈವಾರ ಖಾಯಂ ಕೊಟ್ಟ ಬಿಟ್ಟೇನ್ರಿ!” ಎಂದಳು. ಬಕೆಟ್ ಅಲ್ಲೇ ಕುಕ್ಕಿದಳು, ನೀರು ನನ್ನ ಸೀರೆಗೆ ಹಾರಿತು. ‘ಹೋಗಲೇನ್ರಿ’ ಎಂದು ಕೇಳದೆ ಓಡಿದಳು. ಖೋಖೋ ಆಡುತ್ತಿದ್ದವರ ನಡುವೆ ನುಗ್ಗಿ, ಒಬ್ಬನನ್ನು ಬೆನ್ನು ತಟ್ಟಿ ಎಬ್ಬಿಸಿ, ತಾನು ಅವನ ಜಾಗದಲ್ಲಿ ಕುಳಿತಳು. ಅವತ್ತಿನ ನೀರು ನುಗ್ಗೆ ಗಿಡಕ್ಕೆ ನಾನೇ ಹಾಕಿದೆ.

ಮರುದಿನ ತರಗತಿಗೂ ಹೇಳಿದೆ. ‘ಸಿ’ ಬಿದ್ದ ಉಳಿದ ನಾಲ್ವರಲ್ಲಿ ಮೂವರು ಹೋ ಎಂದು ಕೂಗಿದರು. ಈರಪ್ಪ ಮಾತ್ರ ಎದ್ದು ನಿಂತು, “ನಂದ ಬದಲ ಮಾಡಬ್ಯಾಡ್ರಿ ಅಕ್ಕೋರ, ಬರೋಬ್ಬರಿ ಐತಿ. ಸಾಲಿ ಕರಿಬೇವ ತಿಂದಿದ್ದು ನಮ್ಮ ಆಡ ಆವ್ರಿ” ಎಂದ. ಕಣ್ಣು ಮುಚ್ಚಿ ಹಾಕಿದರೂ ಒಂದಾದರೂ ಸರಿ ಬಿದ್ದಿತ್ತಲ್ಲ ಎಂದು ನಾನು ಸಮಾಧಾನ ಪಟ್ಟುಕೊಳ್ಳಲು ಹೋದೆ. ರೇಷ್ಮಾ ನನ್ನ ಕಡೆ ನೋಡಿದಳು. ಸಮಾಧಾನ ಅರ್ಧಕ್ಕೇ ನಿಂತಿತು.

ಮುಂದೆ ಬಹಳ ದಿನ ಅವಳು ನನ್ನ ಹತ್ತಿರ ಪಾಠದ ಮಾತು ಬಿಟ್ಟು ಬೇರೆ ಆಡಲಿಲ್ಲ. ಲಕ್ಷ್ಮಿಯಿಂದ ಕೈವಾರ ಕಿತ್ತುಕೊಂಡಳು, ಅದಕ್ಕೊಂದು ಜಗಳವಾಯಿತು. ಪಾಳಿ ತಪ್ಪಿಸಿದವರ ಹೆಸರು ಕೂಗಿ ಕೂಗಿ ಕರೆದಳು, ಅದಕ್ಕೆ ಇನ್ನೊಂದು ಜಗಳ. ದಾರಿಯಲ್ಲಿ ಸಿಕ್ಕ ಮಕ್ತುಮಸಾಬರಿಗೆ ನಾನು ಎಲ್ಲವನ್ನೂ ಹೇಳಿದೆ. “ಮಗಳ ಹೇಳ್ಯಾಳ್ರಿ” ಎಂದರಷ್ಟೆ. ಸ್ವಲ್ಪ ದೂರ ಹೋಗಿ ತಿರುಗಿ ನಿಂತು, “ಮನ್ಯಾಗ ಜಗಳಾ ಶುರು ಆತ್ರಿ ಅಕ್ಕೋರ. ಅಲ್ಲಾನ ದಯಾ” ಎಂದರು.

ವರ್ಷದ ಕೊನೆಯ ಕಾರ್ಡಿಗೆ ಹಿಂದಿನ ಪುಟ ತುಂಬಿಸಲು ನನಗೆ ಹನ್ನೊಂದು ದಿನ ಬೇಕಾದವು. ಪ್ರತಿ ಅಕ್ಷರದ ಪಕ್ಕದಲ್ಲಿ, ಜಾಗವಿಲ್ಲದಿದ್ದರೂ, ಇರುವೆ ಅಕ್ಷರದಲ್ಲಿ ಕಾರಣ ಬರೆದೆ. ತಡವಾಯಿತೆಂದು ಮೇಲಿನಿಂದ ನನಗೊಂದು ನೋಟೀಸು ಬಂತು. ಅದರಲ್ಲಿ ಕಾರಣ ಕೇಳಿದ್ದರು, ನನಗೆ ಸಂತೋಷವೇ ಆಯಿತು. ರೇಷ್ಮಾಳ ಸಹಕಾರ ಮನೋಭಾವಕ್ಕೆ ಬರೆದದ್ದು: “ಬಿ. ತನ್ನ ಪಾಳಿ ತಪ್ಪಿಸುವುದಿಲ್ಲ, ಬೇರೆಯವರ ಪಾಳಿ ಮಾಡುವುದಿಲ್ಲ. ಕೇಳಿದರೆ ಕೈವಾರ ಕೊಡುತ್ತಾಳೆ, ತಿರುಗಿ ಇಸಿದುಕೊಳ್ಳುತ್ತಾಳೆ.”

ಕಾರ್ಡು ಸಹಿಯಾಗಿ ಬಂತು. ಕೆಳಗೆ ‘ಪಾಲಕರ ಅಭಿಪ್ರಾಯ’ ಎಂದು ಎರಡು ಗೆರೆ ಇರುತ್ತವೆ. ಇಪ್ಪತ್ತಾರು ವರ್ಷದಲ್ಲಿ ಅದನ್ನು ಯಾರೂ ತುಂಬಿಸಿದ್ದು ನಾನು ಕಾಣೆ. ಈ ಸಲ ಮಕ್ತುಮಸಾಬರ ಸಹಿಯ ಮೇಲೆ, ರೇಷ್ಮಾಳ ದುಂಡು ಅಕ್ಷರದಲ್ಲಿ, ಹೀಗಿತ್ತು: “ಅಕ್ಕೋರಿಗೆ ಸಿ.” ಆ ‘ಸಿ’ಯನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಬಿ’ ಎಂದು ಮಾಡಲಾಗಿತ್ತು. “ಕಾರಣ: ತಡ ಮಾಡಿ ಹೇಳಿದರು. ಆದರೆ ತಾವೇ ಬಂದು ಹೇಳಿದರು.”

ನನ್ನ ಜನ್ಮದಲ್ಲಿ ಕಾರಣ ಸಮೇತ ಬಂದ ಗ್ರೇಡ್ ಅದೊಂದೇ. ಬಿ ಪ್ಲಸ್ ಕೊಡಬಹುದಿತ್ತಲ್ಲ ಎಂದು ಒಂದು ಗಳಿಗೆ ಅನ್ನಿಸಿತು. ಆಮೇಲೆ ಮೂರು ತಿಂಗಳ ಬಕೆಟ್ಟುಗಳನ್ನು ಮನಸ್ಸಿನಲ್ಲೇ ಎಣಿಸಿ ನೋಡಿ, ಸುಮ್ಮನಾದೆ.